ಕಾಲಿಗೆ ಜಾಮೀನು

ಆ ದಿನ ಮುಂಜಾನೆ ಗಾಳಿ ಬಿದ್ದಿತ್ತು. ಆಷಾಢ ಹುಟ್ಟಿದಾಗಿನಿಂದ ಕದ ಕಿಟಕಿಗಳನ್ನು ಬಡಿದು, ಒಣಹಾಕಿದ ಸೀರೆಗಳನ್ನು ಊರ ಹೊರಗಿನ ಜಾಲಿಕಂಟಿಗೆ ಉಡಿಸಿ, ಮುದುಕರ ರುಮಾಲಿನ ಜೊತೆ ಚೆಲ್ಲಾಟವಾಡಿದ ಗಾಳಿ, ಶ್ರಾವಣದ ಮೊದಲ ದಿನ ಯಾರೋ ಹಿರಿಯರು ಗದರಿಸಿ ಕೂಡಿಸಿದಂತೆ ಸುಮ್ಮನೆ ಕೂತುಬಿಟ್ಟಿತು. ಬಾನಿನಲ್ಲಿ ತೆಳ್ಳನೆಯ ಮೋಡ. ಹನಿ ಬಿದ್ದರೂ ಬಿದ್ದೀತು, ಬೀಳದಿದ್ದರೂ ಬೇಸರವಿಲ್ಲ ಎನ್ನುವಂಥ ಬೆಳಕು. ನಾನು ಮಠದ ಕಟ್ಟೆಯ ಮೇಲೆ ಕೂತು ಆ ಬೆಳಕನ್ನು ನೋಡುತ್ತ ಉಸಿರೆಳೆದೆ. ಎದೆಯೊಳಗೆ ತೂತುಬಿದ್ದ ತಿದಿಯ ಹಾಗೆ ಸುಂಯ್ ಎಂದಿತು.

ನನ್ನ ಹೆಸರು ಗುರಪ್ಪ. ಅಜ್ಜಯ್ಯನ ಮಠದ ಭಜನೆಯಲ್ಲಿ ಮುಂದೆ ನಿಂತು ಹೇಳುವವನು. ದೇವರು ನನಗೆ ಹಾಡು ಕೊಟ್ಟ. ಜೊತೆಗೆ ಉಬ್ಬಸವನ್ನೂ ಕೊಟ್ಟ. ಅವನ ಲೆಕ್ಕ ಅವನಿಗೇ ಗೊತ್ತು, ಕೇಳಲು ನಾವು ಯಾರು? ಅಂದು ಸಪ್ತಾಹ ಶುರುವಾಗುವ ದಿನ. ಒಮ್ಮೆ ಏಕತಾರಿಯನ್ನು ಹೆಗಲಿಗೇರಿಸಿದರೆ ಸಪ್ತಾಹ ಮುಗಿಯುವ ತನಕ ಅದು ನೆಲ ಮುಟ್ಟುವಂತಿಲ್ಲ, ಹಾಡು ನಿಲ್ಲುವಂತಿಲ್ಲ.

"ಕಾಕಾ, ತಾ ಇಲ್ಲೆ," ಎನ್ನುತ್ತ ದಸ್ತಗೀರ ಬಂದು ಮಗ್ಗುಲಲ್ಲಿ ಕೂತ. ಎತ್ತುಗಳಿಗೆ ನಾಲ ಬಡಿಯುವ ಮಕ್ತುಮಸಾಬನ ಒಬ್ಬನೇ ಮಗ. ತಾಯಿಯಿಲ್ಲದೆ ಬೆಳೆದವನು. ಆಲದ ಬಿಳಲಿನ ಹಾಗೆ ನೆಟ್ಟಗೆ, ಉದ್ದಕ್ಕೆ ಇದ್ದ.

"ಹೋದ ವರ್ಷಾನೂ ನೀನಽ ತಗೊಂಡಿದ್ದಿ. ಈ ಸಲ ಬ್ಯಾರೆ ಯಾರಿಗರ ಕೊಡ್ತೀನಿ ಬಿಡು," ಎಂದೆ.

"ಬ್ಯಾರೆಯವ್ರಿಗೆ ಕೊಟ್ರ ಕೆಮ್ಮಿ ಕೆಮ್ಮಿ ಊರಿಗೆಲ್ಲಾ ಹೇಳ್ಕೋತ ತಿರಗ್ತಾರ. ಮ್ಯಾಲೆ ನಿನ್ನ ಹಾಡಿಗೆ ತಾಳಾನೂ ತಪ್ಪಸ್ತಾರ. ತಾ ಅಂದ್ನೆಲ್ಲ."

ನನ್ನ ಅಂಗೈ ಮೇಲೆ ಅವನು ಅಂಗೈ ಇಟ್ಟ. ನಾನು "ತಗೊ" ಅಂದೆ. ಎದೆ ತೆರೆಯಿತು. ಶ್ರಾವಣದ ಗಾಳಿ ಹೊಟ್ಟೆಯ ತಳದವರೆಗೂ ಇಳಿಯಿತು. ಅವನ ಎದೆಯಲ್ಲಿ ಸುಂಯ್ ಎಂಬ ಸದ್ದು ಎದ್ದದ್ದನ್ನು ಕೇಳಿ ಇಬ್ಬರೂ ನಕ್ಕೆವು.

ನಮ್ಮೂರಲ್ಲಿ ನೋವು ಹೀಗೆ ಕೈ ಬದಲಾಗುತ್ತದೆ. ಮಗಳ ಮದುವೆಯಲ್ಲಿ ಓಡಾಡಬೇಕಾದ ಅಪ್ಪನ ಸೊಂಟನೋವನ್ನು ಎದುರುಮನೆಯವನು ಇಸಿದುಕೊಂಡು, ಹಂದರದ ಮೂಲೆಯಲ್ಲಿ ನರಳುತ್ತಲೇ ಹೋಳಿಗೆ ಉಣ್ಣುತ್ತಾನೆ. ಪರೀಕ್ಷೆಯ ದಿನ ಮಕ್ಕಳ ಹೊಟ್ಟೆನೋವೆಲ್ಲ ಅಜ್ಜಿಯರ ಹೊಟ್ಟೆಗೆ ಬರುತ್ತದೆ. ಚುರುಮುರಿ ಅಂಗಡಿಯ ನೀಲವ್ವ ಗಂಡನ ಹಲ್ಲುನೋವು ಹೊತ್ತ ದಿನ ಅವಳು ಏನು ಬೈದರೂ ಗಂಡ ಬಾಯಿ ತೆರೆಯುವಂತಿಲ್ಲ. ಹೊತ್ತ ನೋವನ್ನು ಪರವೂರಿಗೆ ಒಯ್ಯಬಹುದು. ಇಳಿಸಬೇಕಾದರೆ ಮಾತ್ರ ಊರೊಳಗೇ ಬರಬೇಕು. ಹೊತ್ತವರು ತೀರಿಕೊಂಡರೆ ಅದು ಹುಟ್ಟಿದ ಮೈಗೆ ತಾನಾಗಿ ಮರಳುತ್ತದೆ. ಇಷ್ಟೆಲ್ಲ ಸಲಿಗೆಯ ನಡುವೆ ಒಂದು ರಿವಾಜು ಮಾತ್ರ ಬಿಗಿ: ಇಂಥವರ ನೋವು ಹೊತ್ತಿದ್ದೇನೆಂದು ತಾನಾಗಿ ಹೇಳಿಕೊಳ್ಳಬಾರದು. ಹೇಳಿಕೊಂಡರೆ ದಾನ ಮಾಡಿ ಡಂಗುರ ಹೊಡೆಸಿದಂತೆ. ಅದಕ್ಕೇ ನಮ್ಮೂರ ಡಾಕ್ಟರು ನಾಡಿ ಹಿಡಿಯುವ ಮೊದಲು ತಾವೇ ಕೇಳುತ್ತಾರೆ, "ನಿಂದೋ, ತಂದದ್ದೋ?" ಕೇಳಿದ ಮೇಲೆ ಹೇಳಿದರೆ ದೋಷವಿಲ್ಲ.

ದಸ್ತಗೀರನಿಗೆ ದಂಡಿನ ಹುಚ್ಚು. ಬಂದೂಕಿನದಲ್ಲ, ಹೇಸರಗತ್ತೆಯದು. ಅವನು ಚಿಕ್ಕವನಿದ್ದಾಗ ದಂಡೊಂದು ನಮ್ಮೂರ ಮೇಲೆ ಹಾದುಹೋಗುತ್ತ ಹೇಸರಗತ್ತೆಗಳಿಗೆ ನಾಲ ಹಾಕಿಸಲು ತಂಗಿತ್ತು. ಎಂಥ ಗುಡ್ಡದ ಮೇಲಾದರೂ ಸೈನಿಕರಿಗೆ ಅನ್ನ ನೀರು ಹೊತ್ತು ಏರುವ ಪ್ರಾಣಿಗಳವು. ಕಿವಿ ನಿಮಿರಿಸಿ ನಿಂತ ಅವುಗಳ ಕಾಲಸಂದಿಯಲ್ಲೇ ಆ ಕೂಸು ಮಲಗಿಬಿಟ್ಟಿತ್ತು. ಒಂದೂ ಕಾಲು ಎತ್ತಿರಲಿಲ್ಲ. ಅಂದಿನಿಂದ ಅವನದು ಒಂದೇ ಮಾತು: ಆ ಪಡೆಗೆ ಸೇರಬೇಕು, ಹಿಮದ ಗುಡ್ಡಕ್ಕೆ ಅವುಗಳನ್ನು ಹತ್ತಿಸಬೇಕು. ಅರ್ಜಿ ಹಾಕಿದ್ದ. ಶ್ರಾವಣ ಕಳೆದ ಮೇಲೆ ಕರೆಯುತ್ತೇವೆ ಎಂದಿದ್ದರು.

ಕರೆ ಸಪ್ತಾಹದ ನಡುವೆಯೇ ಬಂತು. ನಾಳೆಯೇ ದೊಡ್ಡ ಊರಿನ ಮೈದಾನಕ್ಕೆ ಬಾ ಎಂದು. ನಾನು ಹಾಡುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದನಂತೆ. ಆಗ ಉಬ್ಬಸವನ್ನು ಮರಳಿಸಿದ್ದರೆ ನನ್ನ ಹಾಡು ನಿಲ್ಲುತ್ತಿತ್ತು, ಸಪ್ತಾಹ ಮುರಿಯುತ್ತಿತ್ತು. ಕೈ ಮುಗಿದು, ಸುಂಯ್‌ಗುಟ್ಟುತ್ತಲೇ ಬಸ್ ಹತ್ತಿದ.

ಅಲ್ಲಿ ಮೊದಲು ಓಟ. ಉಬ್ಬಸ ಹೊತ್ತುಕೊಂಡೇ ಓಡಿದ. ಎಲ್ಲರಿಗಿಂತ ಹಿಂದೆ, ಆದರೆ ಸೀಟಿ ಊದುವ ಮೊದಲು ಗೆರೆ ದಾಟಿದ. ಆಮೇಲೆ ವೈದ್ಯ ಮಂಡಳಿಯ ಮುಂದೆ ಅಂಗಿ ಕಳಚಿ ನಿಂತ. ಮಂಡಳಿಯ ಹಿರಿಯರಾದ ಕರ್ನಲ್ ಸಾಹೇಬರು ಎದೆಗೆ ಕೊಳವೆ ಇಟ್ಟು ಕೇಳಿದರು. ಬೆನ್ನಿಗಿಟ್ಟು ಕೇಳಿದರು. ಇನ್ನೇನು ಆ ಪ್ರಶ್ನೆ ಬರುತ್ತದೆ ಎಂದು ಹುಡುಗ ಕಾದ. ಬರಲಿಲ್ಲ. 'ಕಾಯಂ ಅನರ್ಹ' ಎಂದು ಬರೆದು, ಮುಂದಿನವನನ್ನು ಕರೆದರು.

ಸಪ್ತಾಹ ಮುಗಿಸಿ ಹೊರಬಂದಾಗ ಕಟ್ಟೆಯ ಮೇಲೆ ಕೂತಿದ್ದ. ನಾನು ಮೊದಲು ನನ್ನದನ್ನು ಮರಳಿ ಇಸಿದುಕೊಂಡೆ. ಆಮೇಲೆ ಸಂಗತಿ ಕೇಳಿದೆ.

"ಹೇಳಬಾರದೇನೋ ಹುಚ್ಚಪ್ಪ, ಇದು ನಮ್ಮ ಕಾಕಾಂದು ಅಂತ?"

"ಅವರು ಕೇಳಲೇ ಇಲ್ಲ ಕಾಕಾ. ಕೇಳದ ಹೆಂಗ ಹೇಳ್ಲಿ? ನಾಲ್ಕು ಮಂದಿ ಮುಂದ ನಿಂತು ನಾ ಇಂಥಾ ಪುಣ್ಯಾತ್ಮ ಅಂತ ಹೇಳ್ಕೊಳ್ಳೂದು ಚಂದೇನು?"

ಮಕ್ತುಮಸಾಬ ಮಗನ ಹಿಂದೆ ನಿಂತಿದ್ದ. ಎಡಗಾಲನ್ನು ಎಳೆಯುತ್ತ ನಡೆಯುವ ಮನುಷ್ಯ. ಹಿಂದೊಮ್ಮೆ ಎತ್ತು ಒದ್ದಿತ್ತೆಂದು ಊರಿಗೆಲ್ಲ ಗೊತ್ತು. "ಹೇಳದಿದ್ದದ್ದು ಚಲೋ ಆತು," ಎಂದ ಮೆಲ್ಲಗೆ. "ಅಲ್ಲಾ ಕೇಳ್ತಾನ, ಅವಗ ಹೇಳಿದ್ರ ಆತು." ಮಗ ತಲೆ ತಗ್ಗಿಸಿದ್ದ. ಹೇಸರಗತ್ತೆಯ ಹೆಸರು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಅದನ್ನು ನೋಡಲಾರದೆ ನಾನು ಅಂಬಕ್ಕ ವಕೀಲರ ಮನೆಗೆ ಹೋದೆ.

ಅಂಬಕ್ಕ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಕೇಳಿ, ಸೌಟನ್ನು ನನ್ನತ್ತ ತಿರುಗಿಸಿದಳು. "ದಂಡಿನ ಮಂಡಳಿ ಮಾತಿಗೆ ಅಪೀಲಿಲ್ಲ ಗುರಪ್ಪಣ್ಣಾ. ಕಲ್ಲಿನ ಮ್ಯಾಲೆ ಬರದಂಗ."

"ಅಂದ್ರ ಆಗೂದಿಲ್ಲೇನವ್ವಾ?"

"ಆಗೂದಿಲ್ಲ ಅಂತ ಯಾರಂದ್ರು? ಕಲ್ಲು ಅವರದು. ಬರದದ್ದು ಯಾರ ಮ್ಯಾಲೆ ಅಂತ ಕೇಳ್ತೀನಿ. ಉಬ್ಬಸಕ್ಕ ಅನರ್ಹ ಅಂದಾರ. ಉಬ್ಬಸ ನಿಂದು. ಅಂದ್ರ ಅನರ್ಹ ಆದಾಂವ ನೀನು. ನೀ ಏನು ದಂಡಿಗೆ ಅರ್ಜಿ ಹಾಕಿದ್ದೇನು?" ಎಂದು ತಾನೇ ನಕ್ಕು, ತಟ್ಟೆ ತುಂಬ ಅವಲಕ್ಕಿ ಕೊಟ್ಟು ಕಳಿಸಿದಳು.

ನಮ್ಮೂರ ಕೋರ್ಟಿಗೆ ಹೊಸ ಜಡ್ಜ್ ಸಾಹೇಬರು ಬಂದು ಬಹಳ ದಿನವಾಗಿರಲಿಲ್ಲ. ದಕ್ಷಿಣದ ಕಡೆಯವರು, ಮೃದು ಮಾತಿನವರು. ಬಂದ ಹೊಸತರಲ್ಲಿ ಅವರ ಅರೆತಲೆನೋವನ್ನು ಕೋರ್ಟಿನ ಜವಾನ ಕೇಳಿ ಇಸಿದುಕೊಂಡಾಗ ಹೆದರಿ ಕುರ್ಚಿಯಿಂದ ಎದ್ದುಬಿಟ್ಟಿದ್ದರಂತೆ. ಈಗ ರೂಢಿಯಾಗಿತ್ತು. ಅವರು ಅಂಬಕ್ಕ ಹಾಕಿದ ಅರ್ಜಿಯನ್ನು ಕೈಗೆತ್ತಿಕೊಂಡರು, ಮಂಡಳಿಗೆ ನೋಟಿಸು ಹೋಯಿತು, ಕರ್ನಲ್ ಸಾಹೇಬರು ತಾವೇ ಬಂದರು. ಬಿಳಿ ಮೀಸೆ, ಕಂಬದಂಥ ಬೆನ್ನು. ಪುಸ್ತಕ ಓದಿ ಕಲಿತ ಕನ್ನಡ.

ಕೋರ್ಟಿನ ಕಿಟಕಿಗಳಲ್ಲೂ ಜನ. ನೀಲವ್ವ ಚುರುಮುರಿ ಬುಟ್ಟಿಯನ್ನು ಬಾಗಿಲಲ್ಲೇ ಇಟ್ಟಿದ್ದಳು.

"ಮಾನ್ಯರೇ," ಎಂದರು ಕರ್ನಲ್, "ಸೈನ್ಯದ ವೈದ್ಯ ಮಂಡಳಿಯ ಅಭಿಪ್ರಾಯವೇ ಅಂತಿಮ. ಯಾವ ನ್ಯಾಯಾಲಯವೂ ನಮ್ಮ ಕಿವಿಯನ್ನು ಪ್ರಶ್ನಿಸಲಾಗದು. ಈ ಯುವಕನ ಎದೆಯಲ್ಲಿ ಉಬ್ಬಸವಿತ್ತು. ನಾನೇ ಕೇಳಿದ್ದೇನೆ."

"ಇತ್ತರಿ," ಎಂದಳು ಅಂಬಕ್ಕ. "ಸಾಹೇಬರ ಕಿವಿ ಬಂಗಾರದ್ದು. ಕಿವಿ ಬಗ್ಗೆ ನಮ್ಮ ತಕರಾರಿಲ್ಲ. ಬಾಯಿ ಬಗ್ಗೆ ಐತಿ. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಇದೇ ಊರಾಗ ಹಸುಗೂಸಿನ ನಾಡಿ ಹಿಡಿಯೂ ಸೂಲಗಿತ್ತಿ ಸೈತ ಕೇಳ್ತಾಳ."

ನನ್ನನ್ನು ಕರೆದರು. ಎದೆಗೆ ಕೊಳವೆ ಇಡಿಸಿಕೊಂಡೆ. ಕರ್ನಲ್ ಸಾಹೇಬರು ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು ನನ್ನನ್ನೇ ನೋಡಿದರು. "ಅದೇ ಸದ್ದು," ಎಂದರು. ತಂಬೂರಿಯ ಕೆಳಗಿನ ತಂತಿ ಎರಡು ಸಲ ಮೀಟಿದಂತೆ ಕೇಳುತ್ತದೆಯಂತೆ. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಆದರೆ ಸುಲಭಕ್ಕೆ ಬಗ್ಗುವವರೂ ಅಲ್ಲ.

"ಸರಿ. ಹಾಗಾದರೆ ನನ್ನದೊಂದು ಪ್ರಶ್ನೆ," ಎಂದರು. "ಇಲ್ಲದ ರೋಗ ತಂದವನಿದ್ದಾನೆ. ಇರುವ ರೋಗವನ್ನು ಮನೆಯಲ್ಲಿ ಬಿಟ್ಟು ಬರುವವನೂ ಇರಬಹುದಲ್ಲ? ಈ ಯುವಕನ ರೋಗ ಇನ್ಯಾರ ಮೈಯಲ್ಲಿದೆಯೋ ನಾನು ಹೇಗೆ ತಿಳಿಯಲಿ? ಈ ಊರಿನವರನ್ನು ಪರೀಕ್ಷಿಸುವುದು ಯಾವ ಮಂಡಳಿಗೂ ಸಾಧ್ಯವಿಲ್ಲ. ಇವರನ್ನು ಸೈನ್ಯಕ್ಕೆ ತೆಗೆದುಕೊಳ್ಳದಿರುವುದೇ ಲೇಸು."

ಕಿಟಕಿಗಳಲ್ಲಿ ಗುಜುಗುಜು ನಿಂತಿತು. ಜಡ್ಜ್ ಸಾಹೇಬರು ಹಣೆ ಉಜ್ಜಿಕೊಂಡರು. "ಅವರು ಕೇಳ್ತಿರೋದು ನ್ಯಾಯವಾಗೇ ಇದೆ ಕಣಮ್ಮಾ," ಎಂದು, ಹುಕುಂ ಮಾಡಿದರು: ಈ ಹುಡುಗನ ನೋವು ಯಾರ ಬಳಿ ಇದ್ದರೂ ಮುಂದಿನ ತಾರೀಖಿಗೆ ಕೋರ್ಟಿಗೆ ತಂದು ಅವನಿಗೆ ಒಪ್ಪಿಸಬೇಕು. ಆಮೇಲೆ ಮಂಡಳಿ ಇಲ್ಲೇ, ಎಲ್ಲರೆದುರಿಗೆ, ಅವನನ್ನು ಮತ್ತೆ ಪರೀಕ್ಷಿಸಬೇಕು.

ಆ ತಾರೀಖಿನ ದಿನ ಬಂದ ಜನವನ್ನು ನೋಡಬೇಕಿತ್ತು! ದಸ್ತಗೀರನ ಅಳಲನ್ನು ಒಂದಲ್ಲ ಒಂದು ದಿನ ಹೊರದ ಮನೆಯೇ ಊರಲ್ಲಿ ಇರಲಿಲ್ಲ. ತಾಯಿಯಿಲ್ಲದ ಕೂಸನ್ನು ಓಣಿಯೇ ಬೆಳೆಸುವುದು.

"ನಾ ಇವಂದು ಕಿವಿನೋವು ತಗೊಂಡಿದ್ನರಿ, ಬಿಳಿ ಚಡ್ಡಿ ಹಾಕ್ಕೊಂಡು ಸಾಲಿಗೆ ಹೋಗೂ ಮುಂದ," ಎಂದು ನೀಲವ್ವ ಮೊದಲು ಮುಂದೆ ಬಂದಳು. "ಆದ್ರ ಅದು ನನ್ನ ಹತ್ರನಽ ವಾಸಿ ಆತು. ಈಗ ಕೊಡು ಅಂದ್ರ ಎಲ್ಲಿಂದ ತರ್ಲಿ ಸಾಹೇಬ್ರ?"

"ಕಳೆದುಹೋದದ್ದು ಕೊಡಬೇಕಿಲ್ಲಮ್ಮಾ," ಎಂದರು ಜಡ್ಜರು.

ಒಬ್ಬ ಮುಳ್ಳು ಚುಚ್ಚಿದ್ದನ್ನು ಹೇಳಿದ. ಇನ್ನೊಬ್ಬ ಜೇನು ಕಡಿದದ್ದನ್ನು. ಕುರುಬರ ಅಜ್ಜನೊಬ್ಬ, "ಇವಂದು ಬಿಕ್ಕಳಿಕೆ ತಗೊಂಡಿದ್ದೆ, ಇನ್ನೂ ಆಗೀಗ ಬರ್ತೈತಿ, ಇವಂದೋ ನಂದೋ ಗೊತ್ತಾಗವಲ್ದು," ಎಂದಾಗ ಬೆಂಚ್ ಕ್ಲರ್ಕ್ ಬಾಯಿಗೆ ವಸ್ತ್ರ ಹಿಡಿದುಕೊಂಡ. ಕರ್ನಲ್ ಸಾಹೇಬರ ಮೀಸೆಯೂ ಅಲುಗಿತು. ಹೊರಗೆ ಚುರುಮುರಿ ಬುಟ್ಟಿ ಬರಿದಾಯಿತು. ಕೊಡುವವರೆಲ್ಲ ಮುಗಿದರು. ಕೊಡಲು ಯಾರ ಹತ್ತಿರವೂ ಏನೂ ಉಳಿದಿರಲಿಲ್ಲ. "ಇನ್ಯಾರಾದರೂ?" ಎಂದು ಜಡ್ಜರು ಕೇಳಿದರು, ರಿವಾಜಿಗೆ ಕೇಳುವ ಹಾಗೆ.

"ನನ್ನ ಹತ್ರ ಒಂದೈತ್ರಿ," ಎಂದ ಮಕ್ತುಮಸಾಬ.

ಕಾಲೆಳೆಯುತ್ತ ಮುಂದೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಕೇಳದೆ ಹೇಳಬಾರದ್ದನ್ನು ಇಷ್ಟು ವರ್ಷ ಹೇಳದೆ ಇದ್ದವನು, ಈಗ ಕೇಳಿದ ಮೇಲೆ ಮುಚ್ಚಿಡುವ ಮನುಷ್ಯನಲ್ಲ. "ಈ ಕುಂಟು ಇವಂದು. ಹುಟ್ಟಿದಾಗಿಂದ. ಮೊದಲ ಇವರವ್ವ ಹೊತ್ತಿದ್ಲು. ಆಕಿ ಹೋದ ದಿನ ಕೂಸಿನ ಕಾಲಿಗೆ ತಿರುಗಿ ಬಂತು. ಮಣ್ಣು ಮಾಡಿ ಮನಿಗೆ ಬಂದು ನಾ ತಗೊಂಡೆ. ಕೂಸಿನ ಬಾಯಾಗ ಆಗ ಅದೊಂದಽ ಮಾತಿತ್ತು, 'ತಗೊ'. ಆಟಿಗಿ ಕೊಡೂ ಮುಂದ ಅಂತಿತ್ತು. ಇವರವ್ವನೂ ಅದಽ ಮಾತಿನ ಮ್ಯಾಲೆ ತಗೊಂಡಿದ್ಲು."

ದಸ್ತಗೀರ ಎದ್ದು ನಿಂತ. "ಅಪ್ಪಾ, ಎತ್ತು ಒದ್ದಿತ್ತಂತಿದ್ದೆಲ್ಲ!"

"ಎತ್ತಿನ ಮ್ಯಾಲೆ ಹಾಕಿದ್ದೆ. ಪಾಪ, ಅದು ಬಾಯಿ ಬಿಡಂಗಿಲ್ಲ."

ಯಾರೂ ನಗಲಿಲ್ಲ. ಮಕ್ತುಮನ ಹೆಂಡತಿ ಬೀಬಿಜಾನ ಬಾವಿಗೆ ಕಾಲೆಳೆಯುತ್ತ ಬರುತ್ತಿದ್ದದ್ದು ನಮಗೆಲ್ಲ ಆಗ ನೆನಪಾಯಿತು. ಅದು ಅವಳ ನಡಿಗೆಯೇ ಇರಬೇಕೆಂದು ಊರು ಸುಮ್ಮನಿತ್ತು. ಹುಕುಂ ಎಂದರೆ ಹುಕುಂ. ಮಕ್ತುಮಸಾಬ ಅಂಗೈ ಚಾಚಿದ. ಮಗ ತನ್ನ ಅಂಗೈಯನ್ನು ಅದರ ಮೇಲಿಟ್ಟು "ತಾ" ಎಂದ. ಅಪ್ಪ "ತಗೊ" ಎಂದ. ಆಲದ ಬಿಳಲಿನಂಥ ಹುಡುಗ ಒಂದು ಮಗ್ಗುಲಿಗೆ ವಾಲಿದ, ಬೆಂಚನ್ನು ಹಿಡಿದುಕೊಂಡ.

ಮಕ್ತುಮಸಾಬ ಮಾತ್ರ ತನ್ನ ಕಾಲನ್ನೇ ನೋಡುತ್ತ ನಿಂತಿದ್ದ. ಒಂದು ಹೆಜ್ಜೆ ಇಟ್ಟ. ಇನ್ನೊಂದಿಟ್ಟ. ಸಾಕ್ಷಿಕಟ್ಟೆಯಿಂದ ಬಾಗಿಲ ತನಕ ನೆಟ್ಟಗೆ ನಡೆದು, ತಿರುಗಿ, ಮತ್ತೆ ಬಂದ. ಬೇಡವೆಂದರೂ ಮುಖದಲ್ಲಿ ನಗು ಒಡೆಯಿತು. ಹೊಸ ಚಪ್ಪಲಿ ಕೊಡಿಸಿದ ಕೂಸಿನ ನಗು. ಅದನ್ನು ಮಗ ನೋಡಿದ. ನಾನೂ ನೋಡಿದೆ. ನಾಚಿಕೊಂಡವನಂತೆ ಅವನು ಸರಕ್ಕನೆ ನಿಂತುಬಿಟ್ಟ.

"ಇನ್ನು ಪರೀಕ್ಷಿಸಿ," ಎಂದರು ಜಡ್ಜರು, ಕರ್ನಲ್ ಸಾಹೇಬರ ಮುಖ ನೋಡದೆ.

ಪರೀಕ್ಷಿಸುವುದು ಏನಿತ್ತು? ಕರ್ನಲ್ ಸಾಹೇಬರು ಕೊಳವೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. ಅಂಬಕ್ಕ ಎದ್ದಳು. ಈ ಸಲ ಅವಳ ಮಾತಿನಲ್ಲಿ ಚೇಷ್ಟೆ ಇರಲಿಲ್ಲ.

"ಸಾಹೇಬ್ರ, ಹುಕುಂ ಪಾಲಿಸೇವಿ. ಈಗ ನಂದೊಂದು ಅರಿಕಿ. ಮಂಡಳಿಗೆ ಅಧಿಕಾರ ಐತಿ, ಎದುರಿಗೆ ನಿಂತ ಮನಶ್ಯಾನ್ನ ನೋಡಾಕ. ತಮಗ ಅಧಿಕಾರ ಐತಿ, ಮಂಡಳಿ ನೋಡಿದ್ದು ಸರಿಯೋ ತಪ್ಪೋ ಹೇಳಾಕ. ಆದ್ರ ಅಪ್ಪ ಮಗನ ಕಾಲು ಹೊರಬೇಕೋ ಬ್ಯಾಡೋ ಅಂತ ಹೇಳೂ ಅಧಿಕಾರ ಯಾರಿಗೈತ್ರಿ?"

ಜಡ್ಜ್ ಸಾಹೇಬರು ತಮ್ಮ ಹುಕುಮಿನ ಕಾಗದವನ್ನು ಮುಂದಕ್ಕೆ ಎಳೆದುಕೊಂಡರು. "ಯಾರಿಗೂ ಇಲ್ಲ," ಎಂದರು. "ನನಗೂ ಇರಲಿಲ್ಲ. ನಾನು ಹಾಗೆ ಹುಕುಂ ಮಾಡಬಾರದಿತ್ತು. ಅದು ಕೊಟ್ಟವರ, ತಗೊಂಡವರ ನಡುವಿನ ಮಾತು. ಆ ಹುಕುಂ ಇಗೋ, ಹಿಂದಕ್ಕೆ ತಗೊಂಡೆ. ಏನು ಮಾಡ್ತೀರೋ ಅಪ್ಪ ಮಗ ಮಾತಾಡಿಕೊಳ್ಳಿ."

"ಒಂದು ನಿಮಿಷ," ಎಂದರು ಕರ್ನಲ್. ಅವರ ದನಿಯಲ್ಲಿ ಹಟವಿರಲಿಲ್ಲ, ಕಾಳಜಿಯಿತ್ತು. "ನಾನು ಹಿಮದ ಗುಡ್ಡಗಳಲ್ಲಿ ಇದ್ದು ಬಂದವನು. ಹಿರಿಯರೇ, ತಪ್ಪು ತಿಳಿಯಬೇಡಿ. ನೀವು ಒಂದು ದಿನ ಕಣ್ಣು ಮುಚ್ಚಿದರೆ, ಆ ಕ್ಷಣವೇ ಈ ಕುಂಟು ನಿಮ್ಮ ಮಗನಿಗೆ ಮರಳುತ್ತದೆ. ಅವನು ಆಗ ಕಡಿದಾದ ದಾರಿಯಲ್ಲಿದ್ದರೆ? ಕೈಯಲ್ಲಿ ಹೇಸರಗತ್ತೆಯ ಹಗ್ಗವಿದ್ದರೆ?"

ಮಕ್ತುಮಸಾಬ ಕೈಯಲ್ಲಿದ್ದ ಟೋಪಿಯನ್ನು ತಿರುವಿದ. ಅವನ ಕಣ್ಣು ನೆಲಕ್ಕಿಳಿಯಿತು. ನನ್ನ ಎದೆಯ ಸುಂಯ್ ಎಂಬ ಸದ್ದು ನನಗೇ ನಾಚಿಕೆಯಾಗುವಷ್ಟು ಜೋರಾಗಿ ಕೇಳುತ್ತಿತ್ತು. ಇಲ್ಲಿ ದೇವರೇ ನನ್ನ ಬೆನ್ನಿಗೆ ಕೈ ಹಾಕಿ ನೂಕಿದ ಎನ್ನಬೇಕು. ಎದ್ದು ನಿಂತಿದ್ದೆ.

"ಅಂವ ಸಾಯೂ ತನಕ ಒಬ್ಬಾಂವನ ಹೊರಬೇಕು ಅಂತ ಯಾರು ಹೇಳ್ಯಾರ್ರಿ? ಮೈಯಾಗ ಕಸುವು ಕಡಿಮಿ ಆದ ದಿನ ಮಕ್ತುಮ ನನಗ ಕೊಡ್ಲಿ. ನಾ ಹೊರ್ತೀನಿ. ಜಾಮೀನು ಬರ್ಕೊಳ್ರಿ."

"ನೀ? ಉಬ್ಬಸದ ಮುದುಕ!" ಎಂದು ಬಾಗಿಲಿನಿಂದ ನೀಲವ್ವ ಕೂಗಿದಳು. "ಇವರಿಬ್ಬರಾಗ ಯಾರು ಮೊದಲ ಹೋಗ್ತಾರೋ ಶಿವನಿಗೆ ಗೊತ್ತು. ಬರ್ಕೊಳ್ರಿ ನನ್ನ ಹೆಸರು. ಅಂಗಡ್ಯಾಗ ಕುಂತ ವ್ಯಾಪಾರ ನಂದು, ಕಾಲಿನ ಕೆಲಸೇನೈತಿ?"

"ಏ ನೀಲವ್ವಾ, ನಿನ್ನ ಗಂಡನ ಹಲ್ಲು ಹೊರಾಕಽ ನಿನಗ ಪುರಸೊತ್ತಿಲ್ಲ. ನಾ ಅದೀನ್ರಿ!" ಎಂದ ಅಂಬಿಗರ ಹುಡುಗ. "ದೋಣಿ ನಡಸಾಕ ತೋಳು ಇದ್ರ ಸಾಕು."

ಆಮೇಲೆ ತಡೆಯುವವರಾರು? ಕಿಟಕಿಯಿಂದ ಕೈಗಳು ಒಳಬಂದವು. ಬಿಕ್ಕಳಿಕೆಯ ಅಜ್ಜ ತಾನೂ ಎಂದ. ಅವನ ಮೊಮ್ಮಗಳು ಅಜ್ಜನ ಬಾಯಿ ಮುಚ್ಚಿ ತಾನು ಎಂದಳು. ಜಾಮೀನಿಗೆ ಜನ ಸಿಗದೆ ಜೈಲಿಗೆ ಹೋದವರನ್ನು ಕಂಡ ಕೋರ್ಟು ಅದು. ಅಂದು ಜಾಮೀನಾಗಲು ಜಗಳ ಬಿದ್ದಿತು. ಬೆಂಚ್ ಕ್ಲರ್ಕ್ ಕಾಗದ ಸಾಲದೆ ನೋಟಿಸುಗಳ ಬೆನ್ನಿಗೆ ಹೆಬ್ಬೆಟ್ಟು ಒತ್ತಿಸಿದ. ಎಲ್ಲ ಮುಗಿದ ಮೇಲೆ ಜಡ್ಜ್ ಸಾಹೇಬರು ಕನ್ನಡಕ ತೆಗೆದು, "ಕೋರ್ಟಿನ ಸಿಬ್ಬಂದಿ ಜಾಮೀನು ಆಗಬಾರದು ಅಂತ ನಿಯಮ ಇದೆಯೇನ್ರೀ?" ಎಂದು ಮೆಲ್ಲಗೆ ವಿಚಾರಿಸಿದರು. ಇದೆ ಎಂದು ಕ್ಲರ್ಕ್ ಹೇಳಿದಾಗ ಅವರ ಮುಖ ಸಪ್ಪಗಾಯಿತು.

ಇಷ್ಟೆಲ್ಲ ನಡೆದರೂ ಒಬ್ಬ ಮಾತ್ರ ಅಲುಗಿರಲಿಲ್ಲ. ದಸ್ತಗೀರ ಬೆಂಚು ಹಿಡಿದು ಅಲ್ಲೇ ನಿಂತಿದ್ದ. ಅಪ್ಪ ಬಂದು ಅಂಗೈ ಚಾಚಿ "ತಾ" ಎಂದ. ಮಗ ತಲೆಯಲ್ಲಾಡಿಸಿದ.

"ಇದು ನಂದು. ನಾ ಇಟ್ಕೋತೀನಿ. ದಂಡೂ ಬ್ಯಾಡ, ಹೇಸರಗತ್ತೀನೂ ಬ್ಯಾಡ."

"ಹುಚ್ಚದೀ ಏನು?"

"ನೀ ಈಗ ನಡದದ್ದು ನೋಡೀನಪ್ಪಾ. ನಕ್ಕಿದ್ದೂ ನೋಡೀನಿ. ಅದನ್ನ ಕಸಗೊಂಡು ನಾ ಗುಡ್ಡ ಹತ್ತಲೇನು?"

ಕೊಡುವವನು 'ತಗೊ' ಎನ್ನದೆ ನೋವು ಕೈ ದಾಟುವುದಿಲ್ಲ. ಜಡ್ಜರು ಹುಕುಂ ಮಾಡುವಂತಿರಲಿಲ್ಲ. ಊರೆಲ್ಲ ಜಾಮೀನು ನಿಂತರೂ ಆ ಒಂದು ಮಾತು ಅವನ ಬಾಯಿಂದಲೇ ಬರಬೇಕಿತ್ತು. ಮಕ್ತುಮಸಾಬ ಮಗನ ಮಗ್ಗುಲಲ್ಲಿ ಬೆಂಚಿನ ಮೇಲೆ ಕೂತ. ಬೆದರಿದ ಎತ್ತನ್ನು ಮಾತಾಡಿಸುವ ದನಿಯಲ್ಲಿ ಮಾತಾಡಿದ.

"ಮಂದಿ ಮಕ್ಕಳು ದಂಡಿಗೆ ಹೋದ್ರ ಅಪ್ಪಂದಿರು ದಿನಾ ಬಾಗಲಾ ನೋಡ್ತಾರ, ಬರ್ತಾನೋ ಇಲ್ಲೋ ಅಂತ. ನನಗ ಆ ಚಿಂತಿ ಇಲ್ಲ. ನಿನ್ನ ಕಾಲು ನನ್ನ ಹತ್ರ ಒತ್ತಿ ಇರ್ತೈತಿ. ಬಿಡಿಸ್ಕೊಳ್ಳಾಕ ನೀ ಬರಾಕಽ ಬೇಕು. ಇದು ನನ್ನ ಮೈಮ್ಯಾಲಿದ್ರ ನೀ ಎಲ್ಲೋ ನೆಟ್ಟಗ ನಡ್ಯಾಕತ್ತೀದಿ ಅಂತ ನನಗ ಹೆಜ್ಜಿ ಹೆಜ್ಜಿಗೂ ಗೊತ್ತಾಗ್ತೈತಿ. ಟಪಾಲು ಬಂದಂಗ. ಅದನ್ನೂ ಕಸಗೋತಿ ಏನು ನೀ?"

ಹುಡುಗ ಅತ್ತುಬಿಟ್ಟ. ಅಪ್ಪನ ಅಂಗೈಯಲ್ಲಿ ಅಂಗೈ ಇಟ್ಟು, ಅಳುತ್ತಲೇ "ತಗೊ" ಎಂದ. "ಬರ್ತೀನಿ. ಬಂದು ಬಿಡಿಸ್ಕೋತೀನಿ. ಅಲ್ಲೀತನಕ ನೀ ಎಲ್ಲೂ ಹೋಗುವಂಗಿಲ್ಲ."

"ಎಲ್ಲಿ ಹೋಗ್ಲಿ, ಈ ಕಾಲು ಇಟ್ಕೊಂಡು?" ಎಂದ ಮಕ್ತುಮಸಾಬ. ಆಗ ಎಲ್ಲರೂ ನಕ್ಕರು.

ಕರ್ನಲ್ ಸಾಹೇಬರು ಮುಂದೆ ಬಂದು, ನೆಟ್ಟಗೆ ನಿಂತ ಹುಡುಗನ ಎದೆಗೆ ಕೊಳವೆ ಇಟ್ಟರು. ಕಾಲು ಬಗ್ಗಿಸಿ ನೋಡಿದರು. ಕಣ್ಣು, ಕಿವಿ, ಬೆನ್ನು ನೋಡಿದರು. ಬರೆಯಲು ಪೆನ್ನು ತೆಗೆದವರು ತಡೆದು, ಪುಸ್ತಕದ ಕನ್ನಡವನ್ನು ಬದಿಗಿಟ್ಟು ಕೇಳಿದರು, "ನಿಂದೋ, ತಂದದ್ದೋ?"

"ಏನೂ ತಂದಿಲ್ರಿ. ಇದ್ದದ್ದೆಲ್ಲಾ ನಂದಽ."

ಕೋರ್ಟಿನ ಹೆಂಚು ಹಾರುವಂತೆ ಜನ ಕೂಗಿದರು. ತೀರ್ಪಿನ ಮಾತು ನನಗೆ ಈಗಲೂ ಬಾಯಿಪಾಠ: ನೋವನ್ನು ನೋಡುವ ಅಧಿಕಾರ ಮಂಡಳಿಯದು, ಅದು ಯಾರದೆಂದು ಕೇಳದೆ ಮನುಷ್ಯನನ್ನು ಅಳೆಯುವ ಅಧಿಕಾರ ಅದಕ್ಕಿಲ್ಲ, ಯಾರ ನೋವನ್ನು ಯಾರು ಹೊರಬೇಕೆಂದು ಹೇಳುವ ಅಧಿಕಾರ ಮಂಡಳಿಗೂ ಇಲ್ಲ, ಈ ಕೋರ್ಟಿಗೂ ಇಲ್ಲ. ಸಂಜೆ ಮಠದಲ್ಲಿ ಪಾಯಸ ಮಾಡಿದೆವು. ಕರ್ನಲ್ ಸಾಹೇಬರು ಎರಡು ಸಲ ಬಡಿಸಿಕೊಂಡರು.

ದಸ್ತಗೀರ ಹೋದ. ರಜೆಯಲ್ಲಿ ಬಂದಾಗಲೆಲ್ಲ ಹಿಮದ ಕತೆ, ಹೇಸರಗತ್ತೆಗಳ ಕತೆ. ಸುಲ್ತಾನಿ ಎಂಬುದೊಂದು ಇವನ ಹಾಡು ಕೇಳದೆ ಸೇತುವೆ ದಾಟುವುದಿಲ್ಲವಂತೆ; ಅದು ನಾನು ಕಲಿಸಿದ ಭಜನೆ. ಇತ್ತ ಮಕ್ತುಮಸಾಬ ಕಾಲೆಳೆಯುತ್ತ ನಾಲ ಬಡಿಯುತ್ತಲೇ ಇದ್ದ. ಮಳೆಗಾಲದಲ್ಲಿ ನೋವು ಹೆಚ್ಚಾದಾಗ ನಾವು ಜಾಮೀನುದಾರರು ಸರದಿಯಲ್ಲಿ ಹೋಗಿ ಕೇಳುತ್ತಿದ್ದೆವು, ಕೊಡುತ್ತಿರಲಿಲ್ಲ. "ಇವತ್ತು ಭಾಳ ಏರು ಹತ್ತ್ಯಾನ, ಅದಕ್ಕ," ಎನ್ನುತ್ತಿದ್ದ. ತನ್ನ ಮೊಣಕಾಲನ್ನು ಸವರಿ, ಆಕಾಶ ನೋಡುತ್ತಿದ್ದ.

ಹೀಗೆ ವರ್ಷಗಳು ಉರುಳಿದವು. ಒಂದು ಮುಂಜಾನೆ ನಾನು ಅವನ ಚಪ್ಪರದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಅವನು ಬಿಳಿ ಎತ್ತೊಂದನ್ನು ಕೆಡವಿ, ಕಾಲು ಕಟ್ಟಿ ನಾಲ ಬಡಿಯುತ್ತಿದ್ದ. ಟ್ರಂಕೊಂದು ನೆಲಕ್ಕೆ ಇಳಿದ ಸದ್ದಾಯಿತು. ನೌಕರಿ ಮುಗಿಸಿ ಬಂದಿದ್ದ ದಸ್ತಗೀರ; ಮೀಸೆಯಲ್ಲಿ ಬಿಳಿಕೂದಲು. ಮಕ್ತುಮಸಾಬ ತಲೆಯೆತ್ತಲಿಲ್ಲ. "ಗೊರಸು ಹಿಡಿ," ಎಂದ. ಮಗ ಮಂಡಿಯೂರಿ ಎತ್ತಿನ ಕಾಲು ಹಿಡಿದ. ಅಪ್ಪ ಕಡೆಯ ಮೊಳೆ ಬಡಿದು, ತುದಿ ಮಡಿಚಿ, ಸುತ್ತಿಗೆ ಕೆಳಗಿಟ್ಟ. ಆಗ ಮಗ ಆ ಒರಟು ಅಂಗೈ ಮೇಲೆ ತನ್ನ ಅಂಗೈ ಇಟ್ಟ.

"ಮೊದಲ ಚಹಾ ಕುಡಿ," ಎಂದ ಅಪ್ಪ. "ರೂಢಿ ಆಗೇತಿ ನನಗ. ಇರ್ಲಿ ಬಿಡು."

"ನಂದೈತಿ. ತಾ."

ಮುದುಕ ಮಗನ ಮುಖ ನೋಡಿದ. ಆಮೇಲೆ ಅವನ ತುಟಿ ಅಲುಗಿತು. ಮಾರುದೂರದಲ್ಲಿ ಕೂತಿದ್ದ ನನಗೂ ಆ ಮಾತು ಕೇಳಿಸಲಿಲ್ಲ. ದಸ್ತಗೀರ ಎತ್ತಿನ ಹಗ್ಗ ಬಿಚ್ಚಿದ. ಅದು ಕೊಡವಿಕೊಂಡು ಎದ್ದಿತು. ಮಕ್ತುಮಸಾಬ ಅದರ ಜೊತೆಗೇ ಎದ್ದು, ಹಗ್ಗ ಹಿಡಿದು, ನೀರಿನ ಬಾನಿಯ ಕಡೆಗೆ ಹೊರಟ. ಎತ್ತು ಹೊಸ ನಾಲದ ಮೇಲೆ ಟಕ್ ಟಕ್ ಎಂದು ಸದ್ದು ಮಾಡುತ್ತ ನಡೆಯಿತು. ಅದರ ಪಕ್ಕದಲ್ಲಿ ಅವನು ಕಾಲೆಳೆಯುವ ಸದ್ದೇ ಇಲ್ಲದೆ ನಡೆದ.